ಮದುವೆ ಕ್ಯಾಸೆಟ್ಟಿನ ಕೊನೆಯ ಏಳು ನಿಮಿಷ

ಹೋದ ವಾರ ಕುರುಗೋಡಿನ ಬಸ್ಸಿನಲ್ಲಿ ಕೂತಿದ್ದೆ. ಊರು ಇನ್ನೂ ಒಂದೆರಡು ಮೈಲಿ ಇದೆ ಅನ್ನುವಾಗ ಒಣಮೆಣಸಿನಕಾಯಿ ಚೀಲ ಹೇರಿದ ಲಾರಿಯೊಂದು ಮುಂದೆ ಸಿಕ್ಕಿತು. ಘಾಟು ಕಿಟಕಿಯಿಂದ ನುಗ್ಗಿ ಮೊದಲು ಡ್ರೈವರ್ ಸೀನಿದ, ಆಮೇಲೆ ಕಂಡಕ್ಟರ್, ಆಮೇಲೆ ಇಡೀ ಬಸ್ಸು. ನಾನು ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಆದರೂ ಅದು ಬಿಡಲಿಲ್ಲ, ಮೂರು ವರ್ಷದ ಹಿಂದಿನ ಬೇಸಿಗೆಗೆ ಎಳೆದುಕೊಂಡು ಹೋಯಿತು. ಆ ಬೇಸಿಗೆಯಲ್ಲಿ ನಾನು ಇದೇ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಜಗಳ ಮಾಡುವುದಕ್ಕೇ ಓಡಾಡಿದೆ ಅಂದರೂ ತಪ್ಪಿಲ್ಲ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮದೊಂದು ವಿಡಿಯೊ ಅಂಗಡಿ ಇದೆ. ಅಬ್ಬಾ ಶುರು ಮಾಡಿದ್ದು. ಬೋರ್ಡಿನ ಮೇಲೆ ಅವರ ಹೆಸರಿನ ಮುಂದೆ 'ಅಂಡ್ ಸನ್ಸ್' ಎಂದಿದೆ. ಅಬ್ಬಾಗೆ ಗಂಡುಮಕ್ಕಳಿಲ್ಲ, ಇರುವವಳು ನಾನೊಬ್ಬಳೇ, ಫರ್ಜಾನಾ. ಬೋರ್ಡು ಬರೆಯುವವನು ಅಂದಾಜಿನ ಮೇಲೆ ಬರೆದುಬಿಟ್ಟಿದ್ದನಂತೆ, ಆಮೇಲೆ ಯಾರೂ ತಿದ್ದಲಿಲ್ಲ. ಹತ್ತು ಹನ್ನೆರಡು ವರ್ಷದಿಂದ ಮದುವೆಗಳ ಶೂಟಿಂಗ್, ಎಡಿಟಿಂಗ್ ಎಲ್ಲ ನಾನೇ ಮಾಡುತ್ತೇನೆ. ಜೊತೆಗೆ ಜನ ಮನೆಯಲ್ಲಿ ಇಟ್ಟುಕೊಂಡ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ತಂದುಕೊಟ್ಟರೆ ಅವುಗಳ ಬೂಷ್ಟು ಒರೆಸಿ, ಹರಿದದ್ದನ್ನು ಅಂಟಿಸಿ, ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ.

ಆ ವರ್ಷ ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಬಿಸಿಲು ಆಗಲೇ ಬಂದಿತ್ತು. ಒಂದು ಮಧ್ಯಾಹ್ನ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಒಬ್ಬರು ಅಂಗಡಿಯ ಮೆಟ್ಟಿಲು ಹತ್ತಿದರು. ಹೆಸರು ವೀರೇಶ, ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಹೈಸ್ಕೂಲಿಗೆ ಗಣಿತ ಹೇಳುವ ಮೇಷ್ಟ್ರು. ಬೆವರು ಒರೆಸಿಕೊಳ್ಳುತ್ತಾ ಅವರು ಕೇಳಿದ ಪ್ರಶ್ನೆ ಮಾತ್ರ ವಿಚಿತ್ರವಾಗಿತ್ತು.

"ಮೇಡಂ, ಮೂವತ್ತು ವರ್ಷದ ಹಿಂದ ಬಳ್ಳಾರಿಯೊಳಗ ಯಾವುದರ ಕಂಪ್ಯೂಟರ್ ಸೆಂಟರಿನ ಫಂಕ್ಷನ್ ಶೂಟಿಂಗ್ ಮಾಡಿದ್ರೇನ್ರಿ? ಐದು ಸ್ಟುಡಿಯೊ ತಿರುಗಿ ಬಂದೀನಿ. ಎಲ್ಲರೂ ನಗಾಕತ್ತಾರ."

ನನಗೂ ನಗು ಬಂತು. ಕೂರಿಸಿ ನೀರು ಕೊಟ್ಟು, ಯಾಕೆ ಅಂತ ಕೇಳಿದೆ.

ಅವರು ಲ್ಯಾಪ್‌ಟಾಪ್ ತೆರೆದು ಒಂದು ಹಳೆಯ ಆಟ ತೋರಿಸಿದರು. ಹೆಸರು 'ಕಿಲ್ಲಾ ಸಿಪಾಯಿ'. ಸಿನಿಮಾ ಪೋಸ್ಟರಿನಂಥ ಮೀಸೆಯ ಪುಟ್ಟ ಸಿಪಾಯಿಯೊಬ್ಬ ಬಂಡೆಗಲ್ಲಿನ ಗುಡ್ಡ ಹತ್ತುತ್ತಾನೆ, ಮೇಲಿನಿಂದ ಕಲ್ಲು ಉರುಳಿ ಬರುತ್ತವೆ, ತಪ್ಪಿಸಿಕೊಂಡು ಕೋಟೆ ಬಾಗಿಲು ಮುಟ್ಟಬೇಕು. ಹೈದರಾಬಾದಿನ ಯಾವುದೋ ಕಂಪನಿ ಹೊರತಂದದ್ದಂತೆ. ಆಗಿನ ಕಾಲಕ್ಕೆ ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಊರೂರಿನ ಕಂಪ್ಯೂಟರ್ ಕ್ಲಾಸುಗಳಿಗೆಲ್ಲ ಹರಡಿತ್ತು. ವೀರೇಶ ಸರ್ ಚಿಕ್ಕವರಿದ್ದಾಗ ಸಿರುಗುಪ್ಪದಲ್ಲಿ ಇದನ್ನು ಆಡಿದ್ದರು. ಈಗ ಇಂಥ ಹಳೆಯ ಆಟಗಳನ್ನು ಪ್ರೀತಿಸುವವರದೇ ಒಂದು ಗುಂಪು ಇಂಟರ್ನೆಟ್ಟಿನಲ್ಲಿದೆ, ಇವರೂ ಅದರಲ್ಲಿ ಇದ್ದಾರೆ. ಆ ಗುಂಪಿನವರಿಗೆ ಆಟ ಸಿಕ್ಕರೆ ಸಾಲದು. ಅದು ಅರ್ಧಂಬರ್ಧ ಇದ್ದಾಗ ಹೇಗಿತ್ತು, ಯಾವ ಚಿತ್ರ ಬರೆದು ಅಳಿಸಿದರು, ಯಾವ ಸಾಧನದಿಂದ ಕಟ್ಟಿದರು ಅನ್ನುವುದು ಬೇಕು. ಅದಕ್ಕಾಗಿ ಹಳೆಯ ಪತ್ರಿಕೆ, ಹಳೆಯ ಕ್ಯಾಸೆಟ್, ಕೆಟ್ಟ ಫ್ಲಾಪಿ ಎಲ್ಲ ಕೆದಕುತ್ತಾರೆ.

"ಈ ಸಿಪಾಯಿ ಎಡಗೈ ನೋಡ್ರಿ," ಅಂದರು.

ನೋಡಿದೆ. ಗುಡ್ಡ ಹತ್ತುವಾಗಲೂ ಇಳಿಯುವಾಗಲೂ ಸಿಪಾಯಿಯ ಎಡಗೈ ಮಾತ್ರ ತಲೆಯ ಮೇಲಕ್ಕೇ ಎತ್ತಿತ್ತು. ಕೆಳಗೆ ಬರುತ್ತಲೇ ಇರಲಿಲ್ಲ.

"ಯಾಕ ಅಂತ ಯಾರಿಗೂ ಗೊತ್ತಿಲ್ಲ. ಸಲ್ಯೂಟ್ ಅಂತಾರ ಒಬ್ಬರು, ಪೇಟ ಹಿಡಕೊಂಡಾನ ಅಂತಾರ ಒಬ್ಬರು. ಇನ್ನೊಂದು ಐತಿ. ಆಟದ ಫೈಲಿನೊಳಗ ಎಲ್ಲೂ ಬಳಸದ ಒಂದು ಚಿತ್ರ ಉಳದೈತಿ, ಗುಂಡಗ. ಬಾಂಬು ಅಂತ ಎಲ್ಲರೂ ತಿಳಕೊಂಡಾರ. ಅದರ ಮಗ್ಗುಲಕ್ಕ ಎಪಿ ಬಿಎಲ್‌ವೈ ಅಂತ ಐದು ಇಂಗ್ಲಿಷ್ ಅಕ್ಷರ. ಎಪಿ ಅಂದ್ರ ಆಂಧ್ರಪ್ರದೇಶ ಅಂದ್ರು. ಬಿಎಲ್‌ವೈ ಅಂದ್ರ ಏನು ಅಂತ ಯಾರೂ ಹೇಳಲಿಲ್ಲ. ನನಗ ನಮ್ಮ ಬಳ್ಳಾರಿ ಹೆಸರು ಕಂಡಂಗಾತು."

ನನಗೆ ಆಟ ಗೀಟದ ಹುಚ್ಚಿಲ್ಲ. ಆದರೆ ಐದು ಅಂಗಡಿಯವರು ನಕ್ಕು ಕಳಿಸಿದರೂ ಆರನೇ ಮೆಟ್ಟಿಲು ಹತ್ತಿದ ಮನುಷ್ಯನನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಅಬ್ಬಾ ಕಾಲದ ಕ್ಯಾಸೆಟ್ಟುಗಳು ನೆಲದಿಂದ ಅಟ್ಟದವರೆಗೆ ಇದ್ದವು. ಮೂರು ದಿನ ಹುಡುಕಿದೆ. ಮೂರನೇ ದಿನ 'ಕಂಪ್ಯೂಟರ್ ಸೆಂಟರ್ ವಾರ್ಷಿಕೋತ್ಸವ' ಎಂದು ಬರೆದ ಒಂದು ಕ್ಯಾಸೆಟ್ ಸಿಕ್ಕಿತು. ವೀರೇಶ ಸರ್‌ಗೆ ಫೋನ್ ಮಾಡಿದೆ. ಭಾನುವಾರ ಬಂದರು.

ದೀಪ ಹಚ್ಚುವುದು, ಭಾಷಣ, ಬಹುಮಾನ. ಎಲ್ಲದರ ಮೇಲೂ ಅಬ್ಬಾ ಆಗಿನ ಪದ್ಧತಿಯಂತೆ ಸಿನಿಮಾ ಹಾಡು ಹಾಕಿದ್ದರು. ಕೊನೆಗೆ ಕಂಪ್ಯೂಟರ್ ಕೋಣೆ ಬಂತು. ಹಳದಿ ಸೀರೆಯ ಒಬ್ಬ ಹುಡುಗಿ ಕೀಬೋರ್ಡ್ ಮುಂದೆ ಕೂತಿದ್ದಳು. ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿತ್ತು, ಹಳೆಯ ಮಾನಿಟರನ್ನು ಕ್ಯಾಮೆರಾದಲ್ಲಿ ಹಿಡಿದರೆ ಹಾಗೇ ಆಗುತ್ತದೆ. ಆ ಪಟ್ಟಿ ಸರಿದಾಗಲೆಲ್ಲ ಗುಡ್ಡ ಕಾಣಿಸಿತು. ಗುಡ್ಡ ಅದೇ. ಕಲ್ಲುಗಳೂ ಅವೇ. ಹತ್ತುತ್ತಿದ್ದವನು ಮಾತ್ರ ಸಿಪಾಯಿ ಆಗಿರಲಿಲ್ಲ. ಲಂಗದ ಒಂದು ಪುಟ್ಟ ಹುಡುಗಿ, ತಲೆಯ ಮೇಲೆ ಕೊಡ, ಎಡಗೈಯಲ್ಲಿ ಅದನ್ನು ಹಿಡಿದುಕೊಂಡಿದ್ದಾಳೆ.

ವೀರೇಶ ಸರ್ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಅಂದರು: "ಬಾಂಬಲ್ಲ ಅದು. ಕೊಡ."

ಅಬ್ಬಾರನ್ನು ಕರೆದೆ. ಅವರಿಗೆ ಕಣ್ಣು ಮಂಜಾಗಿ ಟಿವಿಗೆ ಮೂಗು ಹಚ್ಚಿಯೇ ನೋಡಬೇಕು. ನೋಡಿ ಕೂಡಲೇ ಗುರುತು ಹಿಡಿದರು. "ಅನ್ನಪೂರ್ಣ ಟೀಚರ್ ಅಲ್ಲೇನು ಬೇಟಿ ಇಕಿ. ಭಾಳ ಶಾಣ್ಯಾಕಿ. ಸೆಂಟರಿನ ಮಾಲೀಕ ಪ್ರಭಾಕರ ಸರ್ ಅಂತ, ಈಗ ದೊಡ್ಡ ಮನುಷ್ಯ ಆಗ್ಯಾರ."

ನನ್ನ ತಲೆಗೆ ಆಗ ಹೊಳೆಯಿತು. ಎಪಿ ಅಂದರೆ ಆಂಧ್ರಪ್ರದೇಶ ಅಲ್ಲ, ಅನ್ನಪೂರ್ಣ.

ಪ್ರಭಾಕರ ಸರ್ ಮನೆಗೆ ಹೋದೆವು. ಅವರು ಒಳ್ಳೆಯ ಮಾತಿನ ಮನುಷ್ಯ. ಫ್ಯಾನ್ ಕೆಳಗೆ ಕೂರಿಸಿ ಚಹಾ ತರಿಸಿದರು. ಕಿಲ್ಲಾ ಸಿಪಾಯಿ ಅಂದಕೂಡಲೇ ಮುಖ ಅರಳಿತು. ಹೈದರಾಬಾದಿನ ಕಂಪನಿಗೆ ಆಟ ಕೊಟ್ಟವರು ಅವರೇ; ಹಿಂದಿನ ವರ್ಷವೇ ಆ ಇಂಟರ್ನೆಟ್ ಗುಂಪಿನವರು ಕಂಪನಿಯ ಮೂಲಕ ಅವರನ್ನು ಹುಡುಕಿ ಫೋನಿನಲ್ಲಿ ಸಂದರ್ಶನ ಮಾಡಿದ್ದರಂತೆ, ಆಟ ಮಾಡಿದವರು ಎಂದು ಅವರ ಹೆಸರನ್ನೇ ಹಾಕಿದ್ದರಂತೆ. ಆ ಪ್ರಭಾಕರ ಬಳ್ಳಾರಿಯವರೇ ಎಂದು ವೀರೇಶ ಸರ್‌ಗೂ ಆಗಲೇ ಗೊತ್ತಾದದ್ದು. ಅನ್ನಪೂರ್ಣ ಅಂದರೆ ಯಾರು ಎಂದು ಕೇಳಿದೆ.

"ಟೈಪಿಂಗ್ ಮಾಡಾಕ ಒಬ್ಬಾಕಿ ಇದ್ಲಮ್ಮ. ನಾನು ಹೇಳಿದ್ದು ಬಡೀತಿದ್ಲು. ಮದುವಿ ಮಾಡ್ಕೊಂಡು ಕುರುಗೋಡಿಗೆ ಹೋದ್ಲು. ಪಾಪ, ಒಳ್ಳೇ ಹುಡುಗಿ."

ಆ 'ಪಾಪ' ನನ್ನ ಕಿವಿಯಲ್ಲಿ ಕೂತಿತು.

ವೀರೇಶ ಸರ್ ಕ್ಯಾಸೆಟ್ಟಿನ ತುಣುಕನ್ನು ಗುಂಪಿಗೆ ಹಾಕಿದರು. ಮೊದಲು ಎಲ್ಲರೂ ಹುಚ್ಚೆದ್ದು ಕುಣಿದರು. ಕೈಯ ಗುಟ್ಟು ಒಡೆಯಿತು, ಬಾಂಬಿನ ಗುಟ್ಟು ಒಡೆಯಿತು. ಆದರೆ ಇದನ್ನು ಮಾಡಿದವಳು ಈ ಹುಡುಗಿ ಎಂದು ನಾನು ಬರೆದಾಗ ಗುಂಪಿನ ಅಡ್ಮಿನ್, ಪುಣೆಯವನು, ತಣ್ಣಗೆ ಉತ್ತರ ಕೊಟ್ಟ. ಆಪರೇಟರ್ ಒಬ್ಬಳು ಆಟ ಆಡಿ ತೋರಿಸುತ್ತಿದ್ದಾಳೆ, ಅಷ್ಟೇ. ಧ್ವನಿಯೇ ಇಲ್ಲ, ಮೇಲೆ ಹಾಡಿದೆ. ಜಿಲ್ಲಾ ಊರಿನ ಮದುವೆ ಸ್ಟುಡಿಯೊದವರು ಎಡಿಟ್ ಮಾಡಿದ ಕ್ಯಾಸೆಟ್ಟನ್ನು ಪುರಾವೆ ಅನ್ನಲಾಗದು. ಮಾಡಿದವರು ಯಾರು ಎಂಬುದು ಈಗಾಗಲೇ ತೀರ್ಮಾನವಾಗಿದೆ.

ನಾನು ಅದನ್ನು ಎರಡು ಸಲ ಓದಿದೆ. ಮದುವೆ ಸ್ಟುಡಿಯೊದವರು. ಒಂದು ಊರಿನ ಸಾವಿರಾರು ಮನೆಗಳ ನಗು ಅಳು ನಮ್ಮ ಹಿಂದಿನ ಕೋಣೆಯಲ್ಲಿದೆ, ಯಾರದನ್ನೂ ನಾವು ತಿರುಚಿ ಕೊಟ್ಟವರಲ್ಲ. ತೀರ್ಮಾನವಂತೆ. ಯಾರು ಕೂತು ಮಾಡಿದ ತೀರ್ಮಾನ? ಮರುದಿನವೇ ಅಂಗಡಿಗೆ ಬೀಗ ಹಾಕಿ ಕುರುಗೋಡಿನ ಬಸ್ ಹತ್ತಿದೆ.

ಮೆಣಸಿನಕಾಯಿ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಬಳ್ಳಾರಿಯ ಅನ್ನಪೂರ್ಣ ಟೀಚರ್ ಎಂದು ವಿಚಾರಿಸಿದಾಗ ಊರ ಹೊರಗೆ ಲಾರಿ, ಟ್ರ್ಯಾಕ್ಟರ್ ತೂಗುವ ಒಂದು ಕಾಟಾ ತೋರಿಸಿದರು. ನೆಲದ ಮಟ್ಟಕ್ಕೆ ಕಬ್ಬಿಣದ ಹಾಸು, ಪಕ್ಕದಲ್ಲಿ ತಗಡಿನ ಕೋಣೆ, ಅದಕ್ಕೊಂದು ಕಿಟಕಿ. ಕಿಟಕಿಯೊಳಗೆ ಐವತ್ತು ದಾಟಿದ ಹೆಂಗಸು ಹಳೆಯ ಕಂಪ್ಯೂಟರ್ ಮುಂದೆ ಕೂತು ತೂಕದ ಚೀಟಿ ಹರಿದು ಕೊಡುತ್ತಿದ್ದರು. ಅನ್ನಪೂರ್ಣಕ್ಕ ಅವರೇ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಕೊಪ್ಪಳದಲ್ಲಿ ನರ್ಸು. ಕಾಟಾ ನಡೆಸುವುದು ಅವರ ಕೆಲಸ. ತೂಕ ದಾಖಲಿಸುವ ಪ್ರೋಗ್ರಾಮನ್ನೂ ತಾವೇ ಬರೆದುಕೊಂಡಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಸೆಂಟರಿನ ಆ ಕೊಡದ ಆಟಕ್ಕೆ ಈಗ ಪ್ರಭಾಕರ ಸರ್ ಹೆಸರಿದೆ ಎಂದು, ನಾನು ಬಂದ ವಿಷಯ ಹೇಳಿದೆ. ಅವರು ಕಿಟಕಿಯಾಚೆ ನೋಡುತ್ತಲೇ ಕೇಳಿಸಿಕೊಂಡರು.

"ಅದೆಲ್ಲ ಈಗ ಯಾಕವ್ವ. ಯಾರರ ಹೆಸರು ಇರ್ಲಿ. ನನಗ ಕೆಲಸ ಐತಿ."

"ಅಕ್ಕಾ, ನೀವು ಮಾಡಿದ್ದು ಹೌದೋ ಅಲ್ಲೋ, ಅಷ್ಟರ ಹೇಳ್ರಿ."

"ಹೌದು ಅಂದ್ರ ಏನು ಮಾಡ್ತಿ? ಪ್ಯಾಟಿಯಿಂದ ನಾಲ್ಕು ಮಂದಿ ಬಂದು ಫೋಟೊ ತೆಗೀತಾರ. ಪಾಪ, ಹಿಂಗಾಗಬಾರದಿತ್ತು ಅಂತಾರ. ಆ ಪಾಪ ಅನಿಸಿಕೊಳ್ಳೂದು ನನಗ ಬ್ಯಾಡ."

ಅದೇ ಶಬ್ದ. ನಾನು ಸುಮ್ಮನೆ ಎದ್ದು ಬಂದೆ. ಆದರೆ ಬಿಟ್ಟು ಬರಲಿಲ್ಲ. ಮುಂದಿನ ಭಾನುವಾರ ವೀರೇಶ ಸರ್‌ರನ್ನು ಕರೆದುಕೊಂಡು ಮತ್ತೆ ಹೋದೆ. ಅವರು ಏನೂ ಒತ್ತಾಯ ಮಾಡಲಿಲ್ಲ. ತಗಡಿನ ಕೋಣೆಯ ನೆರಳಲ್ಲಿ ನಿಂತು ಒಂದೇ ಮಾತು ಹೇಳಿದರು.

"ಅಕ್ಕಾರೇ, ನಾನು ಸಣ್ಣವ ಇದ್ದಾಗಿಂದ ಈ ಆಟ ಆಡೀನ್ರಿ. ಆ ಸಿಪಾಯಿ ಕೈ ಯಾಕ ಕೆಳಗ ಬರೂದಿಲ್ಲ ಅಂತ ಭಾಳ ವರ್ಷ ಯೋಚನಿ ಮಾಡೀನಿ. ಈಗ ಗೊತ್ತಾತು. ಅದನ್ನ ಹೇಳಾಕ ಬಂದೆ."

ಅನ್ನಪೂರ್ಣಕ್ಕನ ಕೈ ಚೀಟಿಯ ಮೇಲೆ ನಿಂತಿತು.

"ಯಾವ ಸಿಪಾಯಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊರಗೆ ಬಂದ ಸಿಪಾಯಿಯ ಆಟವನ್ನು ಅವರು ನೋಡಿಯೇ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಅದು ಏನಾಯಿತೋ ಅವರಿಗೆ ಗೊತ್ತಿರಲಿಲ್ಲ. ಸೆಂಟರಿನಲ್ಲೇ ಕೊಳೆತು ಹೋಗಿರಬೇಕು ಅಂದುಕೊಂಡಿದ್ದರು. ವೀರೇಶ ಸರ್ ಲ್ಯಾಪ್‌ಟಾಪ್ ತೆರೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೊರಗೆ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತಿತ್ತು. ಅನ್ನಪೂರ್ಣಕ್ಕ ಅದರ ಕಡೆ ತಿರುಗಲಿಲ್ಲ. ಪರದೆಯ ಮೇಲೆ ಸಿಪಾಯಿ ಎಡಗೈ ಎತ್ತಿಕೊಂಡು ಗುಡ್ಡ ಹತ್ತುತ್ತಿದ್ದ.

"ನನ್ನ ಹುಡುಗಿಗೆ ಮೀಸಿ ಬರದಾರ," ಅಂದರು.

ಜೋರಾಗಿ ಅನ್ನಲಿಲ್ಲ. ತಾವೇ ಮಾತು ಮುಂದುವರಿಸಿದರು. "ನಮ್ಮ ಮನಿ ಬಳ್ಳಾರಿ ಗುಡ್ಡದ ಮಗ್ಗುಲಕ್ಕ ಇತ್ತು. ನಳ ಕೆಳಗ, ಮನಿ ಮ್ಯಾಲೆ. ದಿನಾ ಆರು ಕೊಡ ಹೊತ್ತೀನಿ. ಕಾಲು ಜಾರಿದ್ರ ನೀರು ಚೆಲ್ಲತಿತ್ತು, ಮತ್ತ ಕೆಳಗ ಇಳೀಬೇಕಿತ್ತು. ಆಟನೂ ಅಷ್ಟ. ಕಲ್ಲು ಬಡದ್ರ ನೀರು ಕಮ್ಮಿ ಆಗ್ತೈತಿ. ಹುಡುಗಿ ಸಾಯೂದಿಲ್ಲ. ಇದರಾಗ ನೋಡಿದ್ರ ಕಲ್ಲು ಬಡದು ಸಾಯಾಕತ್ತಾನ."

ಟ್ರ್ಯಾಕ್ಟರಿನವನಿಗೆ ಚೀಟಿ ಕೊಟ್ಟು ಕಳಿಸಿ, ಕೋಣೆಯ ಮೂಲೆಯ ಟ್ರಂಕಿನಿಂದ ಒಂದು ಕಟ್ಟು ತೆಗೆದರು. ಚೌಕುಳಿ ಹಾಳೆಗಳು. ಒಂದೊಂದು ಚೌಕಕ್ಕೂ ಪೆನ್ಸಿಲ್ಲಿನಲ್ಲಿ ಬಣ್ಣದ ಅಂಕಿ ಬರೆದು ಗುಡ್ಡ, ಕಲ್ಲು, ಹುಡುಗಿ, ಕೊಡ ಎಲ್ಲ ಬಿಡಿಸಿದ್ದರು. ಆ ಕಾಲದ ಫ್ಲಾಪಿ ಎರಡಿದ್ದವು, ಎರಡೂ ಸತ್ತಿದ್ದವು. ಹಾಳೆಗಳು ಬದುಕಿದ್ದವು.

"ಈಗ ಹೇಳು," ಎಂದು ನನ್ನ ಕಡೆ ತಿರುಗಿದರು. "ಏನು ಮಾಡಬೇಕು?"

ಹಾಳೆಗಳ ಫೋಟೊ ಕಳಿಸಿದರೂ ಅಡ್ಮಿನ್ ಒಪ್ಪಲಿಲ್ಲ. ಯಾರೋ ಹೇಳಿದ್ದನ್ನು ಆಪರೇಟರ್ ಚಿತ್ರ ಬಿಡಿಸಿರಬಹುದು, ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಬರೆದ. ನನಗೆ ಬೇಕಾಗಿದ್ದದ್ದು ಹಾಡಿಲ್ಲದ, ಕತ್ತರಿಸದ ಮೂಲ ಕ್ಯಾಸೆಟ್. ಅಬ್ಬಾರನ್ನು ಕೇಳಿದೆ. ಅವರು ನಕ್ಕರು.

"ಮೂಲ ಕ್ಯಾಸೆಟ್ ಇಟ್ಕೊಳ್ತಿದ್ವೇನ ಬೇಟಿ ನಾವು? ಎಡಿಟಿಂಗ್ ಮುಗೀತು ಅಂದ್ರ ಅದರ ಮ್ಯಾಲೆ ಇನ್ನೊಂದು ಮದುವಿ ತುಂಬೂದು."

ಅಂದರೆ ಅಳಿಸಿ ಹೋಗಿದೆ. ಆದರೂ ನಾನು ಎರಡು ದಿನ ಹಿಂದಿನ ಕೋಣೆಯನ್ನು ಮತ್ತೆ ಕೆದಕಿದೆ. ಮೂರನೇ ದಿನ ಊಟಕ್ಕೆ ಕೂತಾಗ ಅಬ್ಬಾ ತುತ್ತು ಕೈಯಲ್ಲೇ ಹಿಡಿದು ಹೇಳಿದರು. ಆ ಸೆಂಟರ್ ಫಂಕ್ಷನ್ ಆದ ಮರುವಾರ ಸಿರುಗುಪ್ಪದಲ್ಲಿ ಒಂದು ಮದುವೆ ಇತ್ತು. ರೈಸ್‌ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರ ಮಗಳದು. ಅಕಾಲದ ಮಳೆ ಬಂದು ಹಂದರ ಕುಸಿಯಿತು, ಕ್ಯಾಮೆರಾ ನೆನೆಯುತ್ತದೆ ಎಂದು ಅಬ್ಬಾ ಶೂಟಿಂಗ್ ಅರ್ಧಕ್ಕೇ ನಿಲ್ಲಿಸಿದರು. ಎಡಿಟಿಂಗ್ ಏನೂ ಬೇಡ, ಇದ್ದದ್ದು ಇದ್ದಂಗೆ ಕೊಡಿ ಅಂದರು ಮನೆಯವರು. ಸೆಂಟರಿನ ಮೂಲ ಕ್ಯಾಸೆಟ್ಟಿನ ಮೇಲೆಯೇ ಆ ಮದುವೆ ತುಂಬಿದ್ದು, ಅದನ್ನೇ ಹಾಗೇ ಕೊಟ್ಟಿದ್ದರು.

"ಸೆಂಟರ್ ಫಂಕ್ಷನ್ ಎರಡು ತಾಸಿನ ಮ್ಯಾಲಿತ್ತು. ಕಂಪ್ಯೂಟರ್ ರೂಮು ಎಲ್ಲಾದಕ್ಕೂ ಕೊನೀಗೆ ತೆಗೆದಿದ್ದೆ. ಮದುವಿ ಅಲ್ಲೀ ತನ ಬಂದಿರಲಿಕ್ಕಿಲ್ಲ," ಅಂದರು ಅಬ್ಬಾ.

ಏಪ್ರಿಲ್ ಮುಗಿಯುತ್ತಿತ್ತು. ಸಿರುಗುಪ್ಪದ ರಸ್ತೆಯುದ್ದಕ್ಕೂ ಭತ್ತ ಕೊಯ್ಯುವ ಯಂತ್ರಗಳು. ರಸ್ತೆಯ ಅರ್ಧ ಭಾಗ ಭತ್ತ ಒಣಹಾಕಿದ್ದರಿಂದ ಬಸ್ಸು ಇನ್ನರ್ಧದಲ್ಲಿ ತೆವಳುತ್ತಿತ್ತು. ವೀರೇಶ ಸರ್ ತಮ್ಮ ಹಳೆಯ ವಿದ್ಯಾರ್ಥಿಗಳನ್ನೆಲ್ಲ ವಿಚಾರಿಸಿ ಮನೆ ಪತ್ತೆ ಮಾಡಿದ್ದರು. ಆ ಮದುವೆಯ ಮದುಮಗಳು ಗಂಗಮ್ಮ, ಈಗ ಇಬ್ಬರು ಮೊಮ್ಮಕ್ಕಳ ಅಜ್ಜಿ. ಕ್ಯಾಸೆಟ್ ಇತ್ತು. ದೇವರ ಮನೆಯ ಮೇಲಿನ ಗೂಡಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕೊಡಲು ಮಾತ್ರ ಒಪ್ಪಲಿಲ್ಲ.

"ನಮ್ಮ ಅವ್ವ ಇದರಾಗ ಅದಾಳ. ಆಕಿದು ಬ್ಯಾರೆ ಫೋಟೊನೂ ಇಲ್ಲ. ನಿಮ್ಮ ಕೈಯಾಗ ಕೊಟ್ಟು ಹರದು ಹೋದ್ರ ಏನು ಮಾಡ್ಲಿ?"

ಅವರ ಮಾತು ನ್ಯಾಯವಾಗಿತ್ತು. ಮರುದಿನ ನಾನೇ ಕ್ಯಾಸೆಟ್ ಪ್ಲೇಯರ್, ತಂತಿ, ಲ್ಯಾಪ್‌ಟಾಪ್ ಎಲ್ಲ ಹೊತ್ತುಕೊಂಡು ಅವರ ಮನೆಗೇ ಹೋದೆ. ಪಡಸಾಲೆಯಲ್ಲಿ ಜೋಡಿಸಿ, ಕ್ಯಾಸೆಟ್ಟನ್ನು ಬಿಚ್ಚಿ ಬೂಷ್ಟು ಒರೆಸಿ, ಒಳಗೆ ತಳ್ಳಿದೆ. ಮನೆಮಂದಿ ಎಲ್ಲ ಸುತ್ತ ಕೂತರು. ಗಂಗಮ್ಮನ ಅವ್ವ ಬಂದರು, ಹಸಿರು ಸೀರೆ ಉಟ್ಟು ಅಕ್ಕಿಕಾಳು ಹಂಚುತ್ತಾ. ಗಂಗಮ್ಮ ಟಿವಿ ಮುಂದೆ ಹೋಗಿ ಕೂತರು. ಊಟದ ಪಂಕ್ತಿ ಬಂತು. ಗಾಳಿ ಎದ್ದಿತು. ಹಂದರದ ಬಟ್ಟೆ ಪಟಪಟ ಹೊಡೆದುಕೊಂಡಿತು. ಮಳೆಯ ಹನಿ ಕ್ಯಾಮೆರಾದ ಗಾಜಿನ ಮೇಲೆ ಬಿತ್ತು. ಆಮೇಲೆ ಬರೀ ಬಿಳಿ ಚುಕ್ಕೆಗಳ ಸುರಿತ.

ಹತ್ತು ಸೆಕೆಂಡು. ಇಪ್ಪತ್ತು ಸೆಕೆಂಡು. ವೀರೇಶ ಸರ್ ಎದ್ದು ನಿಂತರು.

ಕಂಪ್ಯೂಟರ್ ಕೋಣೆ ಬಂತು. ಹಳದಿ ಸೀರೆ ಬಂತು. ಹಾಡಿರಲಿಲ್ಲ. ಫ್ಯಾನಿನ ಸದ್ದಿತ್ತು, ಕೀಲಿ ಒತ್ತುವ ಸದ್ದಿತ್ತು. ಪರದೆಯ ಮೇಲೆ ಗುಡ್ಡ ಇತ್ತು, ಆದರೆ ಆಟ ನಡೆಯುತ್ತಿರಲಿಲ್ಲ. ಅನ್ನಪೂರ್ಣ ಟೀಚರ್ ಒಂದೊಂದೇ ಕಲ್ಲು ಎತ್ತಿ ಬೇಕಾದ ಕಡೆ ಇಡುತ್ತಿದ್ದರು. ಬಿಳಿ ಅಂಗಿಯ ಪ್ರಭಾಕರ ಸರ್ ಒಳಗೆ ಬಂದು ಅವರ ಹಿಂದೆ ನಿಂತರು.

"ಏನಮ್ಮ ಇದು, ಆಟನಾ?"

"ಅಲ್ರಿ ಸರ್. ಆಟ ಮಾಡೋ ಸಾಮಾನು ಇದು. ಕಲ್ಲು ಎಲ್ಲಿ ಇರಬೇಕು ಅಂತ ಇದರಾಗ ಇಟ್ರ, ಆಟದೊಳಗ ಅಲ್ಲಿ ಬರ್ತಾವ."

"ಇದನ್ನೆಲ್ಲ ನೀನು ಒಬ್ಬಾಕೀನ ಬರದೇನು?"

"ಹೌದ್ರಿ."

"ಶಾಣ್ಯಾಕಿ ಅದೀ ಬಿಡು. ನನಗೂ ಆಡೂದು ತೋರಸು."

ಏಳು ನಿಮಿಷ ಇತ್ತು ಅದು. ಪ್ರಭಾಕರ ಸರ್ ಕೂತು ಆಡಲು ಹೋಗಿ ಮೂರು ಸಲ ಕೊಡದ ನೀರು ಪೂರ್ತಿ ಚೆಲ್ಲಿದ್ದೂ ಅದರಲ್ಲಿತ್ತು. ಗಂಗಮ್ಮ ನನ್ನನ್ನು ಕೇಳಿದರು: "ಇಷ್ಟು ವರ್ಷ ಈ ಹುಡುಗಿ ನಮ್ಮ ಮನಿಯಾಗ ಇದ್ಲೇನು?" ನಾನು ಅವರ ಮದುವೆ ದೃಶ್ಯವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಹಸಿರು ಸೀರೆಯ ಅವ್ವನ ಒಂದು ಚಿತ್ರ ದೊಡ್ಡದಾಗಿ ಮಾಡಿಸಿ ತರುತ್ತೇನೆಂದು ಹೇಳಿ ಬಂದೆ. ಕಟ್ಟು ಹಾಕಿಸಿ ತಂದೂ ಕೊಟ್ಟೆ.

ಆ ಹೊತ್ತಿಗೆ ಬಳ್ಳಾರಿಯ ಕಾಲೇಜೊಂದರಲ್ಲಿ ಪ್ರಭಾಕರ ಸರ್‌ಗೆ ಸನ್ಮಾನ ಇದೆ ಎಂದು ಗೊತ್ತಾಯಿತು. ನಮ್ಮ ಭಾಗದಲ್ಲಿ ಮೊಟ್ಟಮೊದಲು ಕಂಪ್ಯೂಟರ್ ಆಟ ಮಾಡಿದವರು ಎಂದು. ನಾನು ಕಾರ್ಯಕ್ರಮದವರಿಗೆ ಪತ್ರ ಬರೆದೆ. ಒಬ್ಬರು ಫೋನ್ ಮಾಡಿ, "ದೊಡ್ಡವರ ಕಾರ್ಯಕ್ರಮ ಮೇಡಂ, ಇಂಥದ್ದೆಲ್ಲ ಆಮೇಲೆ ನೋಡೋಣ" ಅಂದರು. ಆಮೇಲೆ ಅಂದರೆ ಶಾಲು ಹೊದಿಸಿದ ಮೇಲೆ. ಅನ್ನಪೂರ್ಣಕ್ಕನಿಗೆ ಹೇಳಿದೆ. ಬೇಸರವಾದೀತು ಅಂದುಕೊಂಡಿದ್ದೆ.

"ಎಷ್ಟು ಗಂಟೆಕ್ಕ ಐತಿ?" ಎಂದರು. ಅಷ್ಟೇ.

ಆ ದಿನ ಅವರು ಕಾಟಾದ ಕಿಟಕಿ ಮುಚ್ಚಿ ಬಂದಿದ್ದರು. ನಾವು ಮೂವರೂ ನಡುವಿನ ಸಾಲಿನಲ್ಲಿ ಕೂತೆವು. ಕರೆಂಟು ಹೋಗಿ ಬಂದು ಮಾಡುತ್ತಿತ್ತು, ಹಾಲ್ ತುಂಬ ಬೀಸಣಿಗೆಯಂತೆ ಆಮಂತ್ರಣ ಪತ್ರಿಕೆಗಳು ಆಡುತ್ತಿದ್ದವು. ಶಾಲು, ಹಾರ, ಭಾಷಣ ಮುಗಿದು ವಿದ್ಯಾರ್ಥಿಗಳು ಪ್ರಶ್ನೆ ಕೇಳಬಹುದು ಅಂದರು. ಅನ್ನಪೂರ್ಣಕ್ಕ ಎದ್ದು ನಿಂತು ಕೈ ಚಾಚಿದರು. ಮೈಕು ಹಿಡಿದ ಹುಡುಗಿ ಒಂದು ಕ್ಷಣ ಅನುಮಾನಿಸಿ ಕೊಟ್ಟಳು.

"ಒಂದು ಪ್ರಶ್ನೆ ಐತ್ರಿ ಸರ್. ನಿಮ್ಮ ಸಿಪಾಯಿ ಎಡಗೈ ಯಾವಾಗ್ಲೂ ಮ್ಯಾಲ ಇರ್ತೈತಿ. ಯಾಕ?"

ಪ್ರಭಾಕರ ಸರ್ ಗುರುತು ಹಿಡಿಯಲಿಲ್ಲ. ನಗುತ್ತಾ ಹೇಳಿದರು: "ಬಳ್ಳಾರಿ ಬಿಸಿಲು ನೋಡಮ್ಮ. ಕಣ್ಣಿಗೆ ಅಡ್ಡ ಹಿಡದಾನ."

ಹಾಲ್ ಪೂರ್ತಿ ನಕ್ಕಿತು. ನಗು ಮುಗಿಯುವವರೆಗೆ ಅನ್ನಪೂರ್ಣಕ್ಕ ಕಾದರು.

"ಬಿಸಿಲಿಗಲ್ರಿ ಸರ್. ಅದರ ತಲಿ ಮ್ಯಾಲ ಕೊಡ ಇತ್ತು. ಅದು ಹುಡುಗಿ ಇತ್ತು. ಸೆಂಟರು ನಿಮ್ಮದು, ಕಂಪ್ಯೂಟರ್ ನಿಮ್ಮದು, ಕರೆಂಟೂ ನಿಮ್ಮದ. ಅದಕ್ಕ ಇಲ್ಲ ಅನ್ನೂದಿಲ್ಲ. ಆಟ ನಂದು. ನಾನು ಅನ್ನಪೂರ್ಣ."

ವೇದಿಕೆಯ ಮೇಲಿನ ಒಬ್ಬರು ಕೂತ್ಕೊಳ್ಳಿ, ಕೂತ್ಕೊಳ್ಳಿ ಎಂದು ಕೈ ಆಡಿಸಿದರು. ಅವರು ಕೂರಲಿಲ್ಲ. ನಾನು ಎದ್ದು ನನ್ನ ಫೋನನ್ನು ಮೈಕಿಗೆ ಹಿಡಿದೆ. ಫ್ಯಾನಿನ ಸದ್ದು, ಕೀಲಿಯ ಸದ್ದು, ಆಮೇಲೆ ಮೂವತ್ತು ವರ್ಷ ಚಿಕ್ಕದಾದ ಪ್ರಭಾಕರ ಸರ್ ದನಿ ಹಾಲ್ ತುಂಬ ಕೇಳಿಸಿತು. ಇದನ್ನೆಲ್ಲ ನೀನು ಒಬ್ಬಾಕೀನ ಬರದೇನು? ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ, ಪೂರ್ತಿ ಮುಗಿಯುವವರೆಗೂ ಇಳಿಸಲಿಲ್ಲ.

ಪ್ರಭಾಕರ ಸರ್ ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡರು. "ಎಲ್ಲಾರೂ ಸೇರಿ ಮಾಡಿದ್ವಿ," ಅಂದರು. ಕೂಡಲೇ ವಂದನಾರ್ಪಣೆ ಶುರುವಾಯಿತು. ಮರುದಿನ ಪೇಪರಿನಲ್ಲಿ ಶಾಲು ಹೊದ್ದ ಫೋಟೊ ಬಂತು, ನಮ್ಮ ವಿಷಯ ಒಂದಕ್ಷರವೂ ಬರಲಿಲ್ಲ. ಆದರೆ ಹೊರಗೆ ಬರುವಾಗ ಹತ್ತಿಪ್ಪತ್ತು ಹುಡುಗಿಯರು ಅನ್ನಪೂರ್ಣಕ್ಕನನ್ನು ಸುತ್ತುಗಟ್ಟಿದ್ದರು. ಕಲ್ಲು ಇಡುವ ಸಾಧನವನ್ನು ಹೇಗೆ ಬರೆದಿರಿ ಎಂದು ಅವರು ಕೇಳುತ್ತಿದ್ದರು. ಪಾಪ ಎಂದು ಯಾರೂ ಅನ್ನಲಿಲ್ಲ. ಅರ್ಧ ತಾಸು ನೆರಳಿಲ್ಲದ ಅಂಗಳದಲ್ಲಿ ನಿಂತು ಅವರು ಬೆರಳಿನಿಂದ ಅಂಗೈ ಮೇಲೆ ಚೌಕ ಬರೆದು ಬರೆದು ವಿವರಿಸಿದರು.

ಏಳು ನಿಮಿಷವನ್ನು ಇಂಟರ್ನೆಟ್ ಗುಂಪಿಗೆ ತೋರಿಸಿದೆವು. ಎರಡು ದಿನ ಬಿಟ್ಟು ಪುಣೆಯ ಅಡ್ಮಿನ್ ಒಂದು ರಾಜಿ ಮುಂದಿಟ್ಟ. ಪ್ರಭಾಕರ ಮತ್ತು ಅನ್ನಪೂರ್ಣ ಎಂದು ಎರಡೂ ಹೆಸರು ಹಾಕೋಣ, ಹಿರಿಯರಿಗೆ ನೋವಾಗುವುದು ಬೇಡ. ವೀರೇಶ ಸರ್‌ಗೆ ಅದು ಪರವಾಗಿಲ್ಲ ಅನ್ನಿಸಿತು. ವರ್ಷಗಟ್ಟಲೆ ಜೊತೆಗಿದ್ದ ಗುಂಪು ಅವರಿಗೆ. "ಇಷ್ಟರ ಸಿಕ್ಕತಲ್ರಿ ಅಕ್ಕಾರೇ," ಅಂದರು. ಅನ್ನಪೂರ್ಣಕ್ಕ ತಲೆ ಅಲ್ಲಾಡಿಸಿದರು.

"ಅರ್ಧ ಅವರು ಮಾಡಿದ್ರ ಅರ್ಧ ಹೆಸರು ಹಾಕ್ಲಿ. ಯಾವ ಅರ್ಧ ಮಾಡ್ಯಾರ, ಕೇಳು."

ನಾನು ಅದನ್ನೇ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ನಾವೂ ಮತ್ತೆ ಕೇಳಲಿಲ್ಲ. ವಿಡಿಯೊವನ್ನು ಅವರ ಪುಟದಲ್ಲಿ ಹಾಕಲು ಕೊಡಲಿಲ್ಲ. ಅವರು ಒಪ್ಪಿದರೆ ಮಾತ್ರ ಇದು ನಿಜ ಅನ್ನುವ ಹಂಗು ನಮಗೆ ಯಾಕೆ ಬೇಕು ಅನ್ನಿಸಿತು. ಜೂನ್ ಪೂರ್ತಿ ಅನ್ನಪೂರ್ಣಕ್ಕ ಟ್ರ್ಯಾಕ್ಟರ್ ಬರದ ಹೊತ್ತಿನಲ್ಲಿ ಕಾಟಾದ ಕೋಣೆಯಲ್ಲೇ ಕೂತು, ಚೌಕುಳಿ ಹಾಳೆ ನೋಡುತ್ತಾ ಆಟವನ್ನು ಮೊದಲಿನಿಂದ ಮತ್ತೆ ಬರೆದರು. ವೀರೇಶ ಸರ್ ಭಾನುವಾರ ಬಂದು ತಪ್ಪು ಹುಡುಕಿ ಕೊಡುತ್ತಿದ್ದರು. ಗುಂಪಿನ ಮೇಲೆ ಅವರಿಗಿದ್ದ ಮೋಹ ಅಲ್ಲೇ ಕರಗಿತು. ಹೆಸರು 'ಕೊಡ' ಅಂತಲೇ ಇಟ್ಟರು. ಮೊದಲ ಪರದೆಯಲ್ಲಿ ಕನ್ನಡದಲ್ಲಿ ಹೀಗಿತ್ತು: ಮಾಡಿದವರು ಅನ್ನಪೂರ್ಣ, ಬಳ್ಳಾರಿ. ಕ್ಯಾಸೆಟ್ಟಿನ ಏಳು ನಿಮಿಷದ ಜೊತೆ ನಮ್ಮ ಅಂಗಡಿಯ ಹೆಸರಿನಲ್ಲೇ ಎಲ್ಲರಿಗೂ ಸಿಗುವಂತೆ ಹಾಕಿದೆವು. ಹಾಕಿದ ಮೇಲೆ ಗುಂಪಿನವರೇ ಒಬ್ಬೊಬ್ಬರಾಗಿ ಬಂದರು. ಕಡೆಗೆ ಅಡ್ಮಿನ್ ಕೂಡ ಬಂದು ಆಡಿದ. ಅವರ ಪುಟದಲ್ಲಿ ಹೆಸರು ಬದಲಾದದ್ದು ಯಾವಾಗ ಎಂದು ನಾನು ಗಮನಿಸಲೇ ಇಲ್ಲ.

ಒಂದು ದಿನ ನಾನು ಕಾಟಾದಲ್ಲಿದ್ದಾಗಲೇ ಅನ್ನಪೂರ್ಣಕ್ಕನಿಗೆ ಫೋನ್ ಬಂತು. ಪ್ರಭಾಕರ ಸರ್. ಅವರ ದನಿ ನನಗೂ ಕೇಳಿಸುತ್ತಿತ್ತು, ಸಣ್ಣಗಾಗಿತ್ತು. ಮೊಮ್ಮಗಳು ಮನೆಯಲ್ಲಿ ಆ ಆಟ ಆಡುತ್ತಿದ್ದಾಳಂತೆ. ತಾತಾ, ನಿನ್ನ ಹೆಸರು ಎಲ್ಲಿ ಎಂದು ಕೇಳಿದಳಂತೆ.

"ಎಲ್ಲರ ಒಂದು ಕಡೆ ನನ್ನ ಹೆಸರೂ ಹಾಕಮ್ಮ," ಅಂದರು.

ನನಗೆ ಮೈಯೆಲ್ಲ ಉರಿಯಿತು. ಬೇಡ ಎಂದು ಕೈ ಸನ್ನೆ ಮಾಡಿದೆ. ಅನ್ನಪೂರ್ಣಕ್ಕ ನನ್ನ ಕಡೆ ನೋಡಲಿಲ್ಲ.

"ಹಾಕ್ತೀನ್ರಿ ಸರ್," ಅಂದರು.

ಫೋನಿಟ್ಟು ಅಲ್ಲೇ ಕೂತು ಹಾಕಿದರು. ತಮ್ಮ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಒಂದು ಸಾಲು: ಕಂಪ್ಯೂಟರ್ ಕೊಟ್ಟವರು ಪ್ರಭಾಕರ. ಒಂದು ಸಲ ಓದಿದರು, ಕಾಗುಣಿತ ಸರಿ ಇದೆಯೇ ಎಂದು ನನಗೂ ತೋರಿಸಿದರು. ಆಮೇಲೆ ಹೊರಗೆ ಬಂದು ನಿಂತ ಲಾರಿಯವನಿಗೆ, ಗಾಡಿ ಇನ್ನೊಂಚೂರು ಮುಂದೆ ತಗೋ ಎಂದು ಕಿಟಕಿಯಿಂದ ಕೈ ತೋರಿಸಿದರು.